ನಾಗವೇಣಿ ಅಕ್ಕನ ಫೋಟೋ ಇದ್ದ ಫ್ಲೆಕ್ಸು

ನಾಗವೇಣಿ ಅಕ್ಕಾ, ಆ ಫ್ಲೆಕ್ಸು ಹಾಕಿಸಿದವನು ನಾನು.

ಮಾಸ್ತರರಲ್ಲ. ಅವರ ಕಡೆಯವರೂ ಅಲ್ಲ. ಒಂದು ಚುನಾವಣೆ ಕಳೆದು ಇನ್ನೊಂದು ಬರುವವರೆಗೆ ನೀನು ಯಾರ ಹೆಸರು ಕೇಳಿದರೆ ಮುಖ ತಿರುಗಿಸುತ್ತ ಬಂದೆಯೋ, ಆ ಮುದುಕರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ನಿನ್ನ ಫೋಟೋ ಕೊಟ್ಟವನು ನಾನು, ಅದರ ಪಕ್ಕದ ಮಾತು ಬರೆದವನು ನಾನು, ಹೊನ್ನಾವರದ ಪೇಟೆಯಲ್ಲಿ ಅದನ್ನು ಯಾವ ಕಂಬಕ್ಕೆ ಕಟ್ಟಬೇಕೆಂದು ಬೆರಳು ಮಾಡಿ ತೋರಿಸಿದವನೂ ನಾನೇ. ನೀನು ಎದುರು ನಿಂತು ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ — ಆಮೇಲಿನದು ಇನ್ನೂ ಕೆಟ್ಟದ್ದು. ಅದಕ್ಕೂ ಬರುತ್ತೇನೆ.

ಮೊನ್ನೆಯೇ ಹೇಳಬೇಕಿತ್ತು. ಕುಮಟಾದ ನನ್ನ ಝೆರಾಕ್ಸ್ ಅಂಗಡಿಗೆ ನೀನು ಠೇವಣಿದಾರರ ಮನವಿ ಟೈಪ್ ಮಾಡಿಸಲು ಬಂದಿದ್ದೆ. ನೀನು ಹೇಳುತ್ತ ಹೋದೆ, ನಾನು ಟೈಪ್ ಮಾಡುತ್ತ ಹೋದೆ. ಕೊನೆಗೆ ನೀನು ಅಂದೆ: "ಇದ್ರಲ್ಲಿ ಮಾಸ್ತರ ಹೆಸರು ಬರೂದು ಬೇಡ ತಮ್ಮಾ. ಆ ಮನುಷ್ಯ ಕೂತ ಕಡೆ ನಾ ಕಾಲೂ ಇಡೂದಿಲ್ಲ." ನನ್ನ ಬೆರಳು ಅಲ್ಲೇ ನಿಂತಿತು. ಪ್ರಿಂಟರ್ ಹಾಳಾಗಿದೆ, ಭಾನುವಾರ ನಾನೇ ತರುತ್ತೇನೆ ಅಕ್ಕಾ ಎಂದು ಕಳಿಸಿಬಿಟ್ಟೆ. ಪ್ರಿಂಟರಿಗೆ ಏನೂ ಆಗಿರಲಿಲ್ಲ. ಸುಳ್ಳು ನನಗೆ ಈಗಲೂ ಅಷ್ಟು ಸಲೀಸಾಗಿ ಬರುತ್ತದೆ, ನೋಡು.

ಭಾನುವಾರದ ಠೇವಣಿದಾರರ ಸಭೆಯಲ್ಲಿ ಇದನ್ನು ಎಲ್ಲರೆದುರು ಓದುತ್ತೇನೆ. ಆದರೆ ಅದಕ್ಕಿಂತ ಮೊದಲು ನಿನ್ನ ಕೈಗೆ ಕೊಡುತ್ತೇನೆ. ಸಭೆಯಲ್ಲಿ ಹಿಂದಿನದೆಲ್ಲ ಗೊತ್ತಿಲ್ಲದವರೂ ಇರುತ್ತಾರೆ — ತೀರಿಕೊಂಡವರ ಮಕ್ಕಳು, ಸೊಸೆಯಂದಿರು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡ.

ನಾಗವೇಣಿ ಅಕ್ಕ ಹೊನ್ನಾವರದ ಸೊಸೈಟಿಯೊಂದರ ಪಿಗ್ಮಿ ಕಲೆಕ್ಟರ್ ಆಗಿದ್ದಳು. ಹೆಗಲಿಗೆ ಒಂದು ಚೀಲ, ಕೈಯಲ್ಲಿ ರಸೀದಿ ಮಿಶನ್. ಬೆಳಿಗ್ಗೆ ಮೀನುಪೇಟೆಯಿಂದ ಶುರುಮಾಡಿ ಬಸ್‌ಸ್ಟ್ಯಾಂಡಿನ ಹೂವಿನವಳು, ಸೈಕಲ್ ರಿಪೇರಿಯವನು, ಹೋಟೆಲಿನಲ್ಲಿ ಲೋಟ ತೊಳೆಯುವವನು — ದಿನದ ದುಡಿಮೆಯಲ್ಲಿ ಒಂದು ಚೂರು ಎತ್ತಿಡುವವರ ಹತ್ತಿರವೆಲ್ಲ ಹೋಗುತ್ತಿದ್ದಳು. ಭಟ್ಕಳದ ಜವಳಿ ಅಂಗಡಿಯವರೂ ಅವಳನ್ನು ನಂಬಿ ಇದೇ ಸೊಸೈಟಿಯಲ್ಲಿ ಖಾತೆ ತೆರೆದರು. ಆ ಜನಕ್ಕೆ ಸೊಸೈಟಿಯ ಅಧ್ಯಕ್ಷ ಯಾರು, ಸಾಲ ಯಾರಿಗೆ ಕೊಡುತ್ತಾರೆ, ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಾಗವೇಣಿ ಮಾತ್ರ. ಅಧ್ಯಕ್ಷ ತನ್ನ ನೆಂಟರಿಷ್ಟರಿಗೆಲ್ಲ ಸಾಲ ಹಂಚಿದ, ಒಂದು ದಿನ ಸೊಸೈಟಿಗೆ ಬೀಗ ಬಿತ್ತು. ಜನ ಅಧ್ಯಕ್ಷನ ಮನೆಗೆ ಹೋಗಲಿಲ್ಲ, ಅಕ್ಕನ ಮನೆಗೆ ಬಂದರು. "ನಾ ಸೊಸೈಟಿಗೆ ಕೊಟ್ಟದ್ದಲ್ಲ, ನಿಂಗೆ ಕೊಟ್ಟದ್ದು" ಎಂದು ಮೀನು ಮಾರುವ ಮುದುಕಿಯೊಬ್ಬಳು ಅಂಗಳದಲ್ಲೇ ಕೂತುಬಿಟ್ಟಳಂತೆ. ಅವತ್ತಿನಿಂದ ಅಕ್ಕ ಪೇಟೆಯ ನಡುವೆ ನಡೆಯುವುದನ್ನು ಬಿಟ್ಟಳು. ಹಿಂದಿನ ಗಲ್ಲಿಯಿಂದ ಹೋಗಿ ಬರುತ್ತಿದ್ದಳು.

ಆಗ ನಾನು ಆಳುವ ಪಕ್ಷದ ಒಬ್ಬ ಶಾಸಕರ ಆಪ್ತ ಸಹಾಯಕ. ಸಾಹೇಬರು ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಅವರ ಭಾಷಣ, ಪತ್ರಿಕಾ ಹೇಳಿಕೆ, ಮದುವೆ ಮುಂಜಿಯ ಶುಭಾಶಯ ಎಲ್ಲ ಬರೆಯುತ್ತಿದ್ದವನು ನಾನು. ಅಕ್ಕ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಧಾರೇಶ್ವರದ ಅಕ್ಕಪಕ್ಕದ ಮನೆಗಳಲ್ಲಿ. ಚಿಕ್ಕವನಿದ್ದಾಗ ಅವಳ ಸೊಂಟದ ಮೇಲೆ ಕೂತು ಶಾಲೆಗೆ ಹೋದವನು ನಾನು. ಆ ಶಾಲೆಯಲ್ಲಿ ನಮ್ಮಿಬ್ಬರಿಗೂ ಕಲಿಸಿದವರು ಮಾಸ್ತರರು. ಅವರು ಮುಂದೆ ರಾಜಕೀಯಕ್ಕೆ ಬಂದು ಪಕ್ಕದ ಕ್ಷೇತ್ರದಲ್ಲಿ ಶಾಸಕರಾದರು — ಎದುರು ಪಕ್ಷದಿಂದ.

ಸರಕಾರದಿಂದ ನೆರವು ಬಂದರೆ ಮಾತ್ರ ಠೇವಣಿದಾರರಿಗೆ ಏನಾದರೂ ಸಿಗುವುದಿತ್ತು. ಸಾಹೇಬರು ಓಡಾಡಿದರು, ಸುಳ್ಳು ಹೇಳಬಾರದು. ಬೆಳಗಾವಿಯ ಅಧಿವೇಶನದ ಕೊನೆಯ ದಿನ ಪೂರಕ ಅಂದಾಜಿನಲ್ಲಿ, ಅಂದರೆ ಬಜೆಟ್ಟಿನ ನಡುವೆ ಕೇಳುವ ಹೆಚ್ಚುವರಿ ಖರ್ಚಿನ ಪಟ್ಟಿಯಲ್ಲಿ, ಒಂದು ಸಾಲು ಸೇರಿಸಲು ಮಂತ್ರಿಗಳು ಒಪ್ಪಿದರು. ಆದರೆ ಒಂದು ಷರತ್ತು: ಸದನದಲ್ಲಿ ಗದ್ದಲ ಆಗಬಾರದು. ಯಾರಾದರೂ ಒಬ್ಬ ಎದ್ದು ನಿಂತು "ಕರಾವಳಿಗೆ ಮಾತ್ರ ಯಾಕೆ, ನಮ್ಮ ಜಿಲ್ಲೆಯ ಸೊಸೈಟಿಗಳೂ ಮುಳುಗಿವೆ" ಎಂದರೆ ಮುಗಿಯಿತು, ಆ ಸಾಲು ವಾಪಸು ಹೋಗುತ್ತದೆ. ಎದುರು ಪಕ್ಷದವರ ಬಾಯಿ ಕಟ್ಟಬಲ್ಲವರು ಮಾಸ್ತರರೊಬ್ಬರೇ. ಎಲೆಕ್ಷನ್ ಮನೆಬಾಗಿಲಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದವಳು ನೀನು, ಅಕ್ಕಾ. ಅವರ ಪಕ್ಷಗಳ ದೊಡ್ಡವರಿಂದಲೂ ಆಗುತ್ತಿರಲಿಲ್ಲ.

ನಿನ್ನ ಮನೆಯ ಚಾವಡಿಗೆ ಇಬ್ಬರೂ ಕಾರು ಬಿಟ್ಟು ಬಾಡಿಗೆ ರಿಕ್ಷಾದಲ್ಲಿ ಬಂದಿದ್ದರು. ಗೋಡೆಯ ಮೊಳೆಯಲ್ಲಿ ಪಿಗ್ಮಿ ಚೀಲ ನೇತಾಡುತ್ತಿತ್ತು. ನೀನು ಅವಲಕ್ಕಿ ಕೊಟ್ಟೆ, ಚಾ ಕೊಟ್ಟೆ. ಮಾಸ್ತರರು ಲೋಟ ಕೆಳಗಿಟ್ಟು ಹೇಳಿದರು: "ನನ್ನ ಪಕ್ಷದವ್ರನ್ನ ನಾ ಸುಮ್ಮನೆ ಕೂರಿಸ್ತೆ. ಆದ್ರೆ ಪಾಸಾಗೂವರೆಗೆ ಯಾರೂ ಬಾಯಿ ಬಿಡೂದು ಬೇಡ. ಪಾಸಾದ ಮೇಲೆ ಯಾರು ಬೇಕಾದ್ರೂ ಕುಣಿಲಿ."

"ಆತು ಮಾಸ್ತರೆ" ಅಂದರು ಸಾಹೇಬರು.

ನೀನು ನನ್ನ ಕಡೆ ತಿರುಗಿ, "ತಮ್ಮಾ, ನೀನೂ ಕೇಳ್ಕಂಡೆ ಅಲ್ದಾ?" ಅಂದೆ. ಕೇಳಿಸಿಕೊಂಡೆ ಅಕ್ಕಾ ಅಂದೆ.

ಕೇಳಿಸಿಕೊಂಡಿದ್ದೆ. ಅದೇ ಈಗ ಕಷ್ಟ — ಕೇಳಿಸಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಕೊನೆಯ ದಿನ ಸದನ ನೋಡಲು ನೀನೂ ಬೆಳಗಾವಿಗೆ ಹೊರಟೆ. ಗ್ಯಾಲರಿಯ ಪಾಸಿಗೆಂದು ನನ್ನ ಕೈಯಲ್ಲಿ ಒಂದು ಫೋಟೋ ಕೊಟ್ಟೆ. ಇದ್ದದ್ದರಲ್ಲೇ ಒಳ್ಳೆಯ ಸೀರೆ ಉಟ್ಟು, ಎಣ್ಣೆ ಹಾಕಿ ತಲೆ ಬಾಚಿ ತೆಗೆಸಿಕೊಂಡ ಫೋಟೋ. ಅಧಿವೇಶನದ ಆ ಕೊನೆಯ ದಿನಕ್ಕೆ ಹಿಂದಿನ ದಿನ ನಾನು ಕುಮಟಾದಲ್ಲಿ ವಿನಾಯಕನ ಫ್ಲೆಕ್ಸ್ ಅಂಗಡಿಗೆ ಹೋದೆ, ಬೇರೆ ಯಾವುದೋ ಬ್ಯಾನರಿನ ಕೆಲಸಕ್ಕೆ. ವಿನಾಯಕ ಮೌಸ್ ಅಲ್ಲಾಡಿಸಿದ. ಪರದೆಯ ಮೇಲೆ ಮಾಸ್ತರರ ಮುಖ ಬಂತು. ಕೆಳಗೆ ದೊಡ್ಡಕ್ಷರದಲ್ಲಿ: ಠೇವಣಿದಾರರ ಪರ ದನಿ ಎತ್ತಿದ ನಾಯಕನಿಗೆ ಅಭಿನಂದನೆ.

"ಇದು ಎಂತದು ಮಾರಾಯಾ?" ಅಂದೆ.

"ಅವ್ರ ಹುಡುಗ್ರು ಡಿಸೈನ್ ಮಾಡಿಸಿಟ್ಟದ್ದು. ಪಾಸಾಯ್ತು ಅಂತ ಫೋನ್ ಬಂದ್ಮೇಲೇ ಪ್ರಿಂಟ್ ಹೊಡಿಬೇಕು, ಅದ್ಕಿಂತ ಮೊದ್ಲು ಹೊಡೆದ್ರೆ ಮಾಸ್ತರು ಕೊಲ್ತಾರೆ ಅಂದಿದಾರೆ" ಎಂದು ವಿನಾಯಕ ನಕ್ಕ.

ಇಲ್ಲಿ ನಿಲ್ಲಬೇಕು ಅಕ್ಕಾ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಥೆ ಬೇರೆ ಇತ್ತು — ಅವರು ಮೋಸ ಮಾಡಲು ಹೊರಟಿದ್ದರು, ನಾನು ಮೊದಲು ಕೈ ಮಾಡಿದೆ, ಅಷ್ಟೇ ಎಂದು. ಅದು ನಿಜವಲ್ಲ. ಅವರು ಮಾತು ಉಳಿಸಿಕೊಳ್ಳುತ್ತಿದ್ದಾರೆ ಎಂಬುದು ವಿನಾಯಕನ ಬಾಯಿಂದಲೇ ನನ್ನ ಕಿವಿಗೆ ಬಿದ್ದಿತ್ತು. ತಿಳಿದೂ ತಿಳಿದೂ ಮಾಡಿದೆ. ಪಾಸಾದ ಮೇಲೆ ಎರಡೂ ಕಡೆಯವರು ಫ್ಲೆಕ್ಸು ಕಟ್ಟಲು ಒಟ್ಟಿಗೆ ಓಡಿದರೆ ಪೇಟೆಯ ಒಳ್ಳೊಳ್ಳೆಯ ಕಂಬಗಳು ಯಾರ ಪಾಲಾಗುತ್ತವೋ! — ನನ್ನ ತಲೆಯಲ್ಲಿ ಇದ್ದದ್ದು ಕಂಬಗಳು. ಸಾವಿರಾರು ಜನರ ಅನ್ನದ ವಿಷಯ ಸದನದ ಮುಂದಿದ್ದಾಗ ನಾನು ಕಂಬಗಳ ಲೆಕ್ಕ ಹಾಕುತ್ತಿದ್ದೆ.

ಸಾಹೇಬರ ಮೇಲೆ ಹಾಕೋಣವೆಂದರೆ ಅದೂ ಆಗುವುದಿಲ್ಲ. ಅವರು ಹಿಂದೊಮ್ಮೆ "ಮಾಸ್ತರ ಫ್ಲೆಕ್ಸ್ ಮೊದ್ಲು ಬಿದ್ರೆ ನೀ ಇದ್ದು ಎಂತಕ್ಕೆ?" ಎಂದದ್ದು ಹೌದು. ಆದರೆ ಇವತ್ತೇ ಹಾಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರೇನೋ... ಬೇಡ ಅನ್ನಬಹುದೆಂದೇ ನಾನು ಕೇಳಲಿಲ್ಲ.

ಕಿಸೆಯಲ್ಲಿದ್ದ ನಿನ್ನ ಫೋಟೋ ತೆಗೆದು ವಿನಾಯಕನಿಗೆ ಕೊಟ್ಟೆ. ಗ್ಯಾಲರಿಯ ಪಾಸು ಅಷ್ಟರಲ್ಲಿ ಆಗಿತ್ತು, ಫೋಟೋ ವಾಪಸು ನನ್ನ ಹತ್ತಿರವೇ ಉಳಿದಿತ್ತು. ಸಾಹೇಬರ ಮುಖ ದೊಡ್ಡದು, ನಿನ್ನದು ಪಕ್ಕದಲ್ಲಿ. "ಬಡವರ ಕಣ್ಣೀರು ಒರೆಸಿದ ಧೀಮಂತ ನಾಯಕರಿಗೆ ಹೃತ್ಪೂರ್ವಕ ಕೃತಜ್ಞತೆಗಳು — ಸಮಸ್ತ ಠೇವಣಿದಾರರ ಪರವಾಗಿ ನಾಗವೇಣಿ." ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಬರೆದದ್ದು ಓದಿ ನನಗೇ ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂದು ನನ್ನ ಹೆತ್ತ ಆಯಿ ಸಾವಿರ ಸಲ ಹೇಳಿದ್ದಳು. ನಾನು ಕುಲಾವಿ ಹೊಲಿಸಿ ಪೇಟೆಯಲ್ಲೇ ನೇತುಹಾಕಿದೆ.

ಮರುದಿನ ಬೆಳಿಗ್ಗೆ ಕುಮಟಾದಲ್ಲಿ, ಹೊನ್ನಾವರದಲ್ಲಿ, ಭಟ್ಕಳದ ಬಸ್‌ಸ್ಟ್ಯಾಂಡ್ ಎದುರಿನಲ್ಲಿ ಕಟ್ಟಿಸಿದೆ. ಮಧ್ಯಾಹ್ನ ಆ ಸಾಲು ಸದನಕ್ಕೆ ಬರುತ್ತದೆ, ಯಾರಾದರೂ ನೋಡಿ ಗಲಾಟೆ ಮಾಡುವಷ್ಟರಲ್ಲಿ ಪಾಸಾಗಿರುತ್ತದೆ — ಇದು ನನ್ನ ಬುದ್ಧಿವಂತಿಕೆ. ಎಲ್ಲರ ಕೈಯಲ್ಲೂ ಫೋನ್ ಇದೆ ಎಂಬುದು ಬುದ್ಧಿವಂತನಿಗೆ ಹೊಳೆಯಲಿಲ್ಲ.

ಮುಂದಿನದನ್ನು ಗ್ಯಾಲರಿಯಿಂದ ನೀನೇ ಕಣ್ಣಾರೆ ನೋಡಿದೆ. ನಾನು ಟೀವಿಯಲ್ಲಿ ನೋಡಿದೆ. ಎದುರು ಪಕ್ಷದವರೊಬ್ಬರು ಫೋನ್ ಎತ್ತಿ ಹಿಡಿದು, ಸದನ ಇನ್ನೂ ಒಪ್ಪದ ಹಣಕ್ಕೆ ಊರಲ್ಲಿ ಕೃತಜ್ಞತೆಯ ಬ್ಯಾನರು ಕಟ್ಟಿದ್ದಾರೆ, ಇದು ಠೇವಣಿದಾರರಿಗೆ ನೆರವೋ ಚುನಾವಣೆಗೆ ಬಂಡವಾಳವೋ ಎಂದು ಕೂಗಿದರು. ಬೇರೆ ಜಿಲ್ಲೆಯವರು ಒಬ್ಬೊಬ್ಬರಾಗಿ ಎದ್ದರು. ಮಾಸ್ತರರು ಎರಡೂ ಕೈ ಮುಂದೆ ಚಾಚಿ ಕೂರಿ, ಕೂರಿ ಅನ್ನುತ್ತಿದ್ದರು. ಅವರ ಪಕ್ಷದವರೇ ಕೇಳಲಿಲ್ಲ. ಯಾಕೆ ಕೇಳಬೇಕು? ಅವರ ಮಾತು ನಂಬಿ ಸುಮ್ಮನಿದ್ದದ್ದಕ್ಕೆ ಸಿಕ್ಕ ಪ್ರತಿಫಲ ಅದು. ಮಂತ್ರಿಗಳು ಆ ಸಾಲನ್ನು ಹಿಂದಕ್ಕೆ ತೆಗೆದುಕೊಂಡರು. ಬಜೆಟ್ಟಿನಲ್ಲಿ ನೋಡೋಣ ಎಂದರು. ಬಜೆಟ್ಟಿನ ಹೊತ್ತಿಗೆ ಇಬ್ಬರು ಶಾಸಕರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆಮೇಲೆ ಚುನಾವಣೆಯ ನೀತಿಸಂಹಿತೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನೀನು ಬೆಳಗಾವಿಯಿಂದ ಬಂದು ಹೊನ್ನಾವರದಲ್ಲಿ ಬಸ್ಸಿಳಿದಾಗ ಕಂಬದ ಮೇಲೆ ನಿನ್ನದೇ ಮುಖ. ಜನ ಸುತ್ತ ನಿಂತಿದ್ದರು. "ನಮ್ಮ ಹೆಸ್ರು ಹೇಳಿ ಪಕ್ಷಕ್ಕೆ ಮಾರ್ಕಂಡ್ಯಲ್ಲೇ ನಾಗವೇಣಿ" ಎಂದು ಯಾರೋ ಅಂದರಂತೆ. ನೀನು ಸ್ಟೂಲು ತರಿಸಿ, ಹತ್ತಿ, ಹಗ್ಗ ಬಿಚ್ಚಿ, ಫ್ಲೆಕ್ಸು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದೆಯಂತೆ. ಇದನ್ನೆಲ್ಲ ಬೇರೆಯವರಿಂದ ಕೇಳಿದೆ. ನಾನು ಆ ಕಡೆ ಸುಳಿಯಲಿಲ್ಲ.

ಎರಡು ದಿನ ಬಿಟ್ಟು ನೀನೇ ಕುಮಟಾಕ್ಕೆ ನನ್ನ ಮನೆಗೆ ಬಂದೆ. ಒಳಗೆ ಬಾ ಅಂದರೂ ಬರಲಿಲ್ಲ, ಮೆಟ್ಟಿಲ ಮೇಲೆಯೇ ನಿಂತು ಕೇಳಿದೆ: "ಆ ಫೋಟೋ ನಾ ನಿನ್ನ ಕೈಯಲ್ಲಿ ಕೊಟ್ಟದ್ದಾಗಿತ್ತು. ಅದು ಅಲ್ಲಿಗೆ ಹೆಂಗೆ ಹೋಯ್ತು ತಮ್ಮಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಅಂಗಿಯ ಕಿಸೆಗೆ ಹೋಯಿತು. ನೀನು ಗಮನಿಸಲಿಲ್ಲ. ಗಮನಿಸಿದ್ದರೆ...

"ಪಾಸ್ ಮಾಡಿಸೂಕೆ ನಾಕು ಕೈ ದಾಟಿ ಹೋಗಿತ್ತು ಅಕ್ಕಾ" ಅಂದೆ. "ಮಾಸ್ತರ ಕಡೆಯವ್ರೇ ಎತ್ಕಂಡು ಮಾಡಿರ್ಬೇಕು. ನಮ್ಮ ಹೆಸ್ರಲ್ಲಿ ಫ್ಲೆಕ್ಸ್ ಹಾಕಿ, ಸದನದಲ್ಲಿ ಅವ್ರೇ ಎತ್ತಿ ತೋರ್ಸಿ ಕೆಡಿಸಿದ್ದು. ಮಾಸ್ತರು ಕೂರಿ ಕೂರಿ ಅಂದದ್ದು ಬರೀ ನಾಟಕ, ಕೂಗಿದ್ದು ಯಾರು ಅಂತ ನೀನೇ ನೋಡಿದ್ಯಲ್ಲ?"

ಎಷ್ಟು ಚೆಂದ ಹೊಂದಿತು ಆ ಸುಳ್ಳು! ನೀನು "ಮಾಸ್ತರು ಹಿಂಗ್ ಮಾಡ್ತ್ರು ಅಂತ..." ಎಂದು ಶುರುಮಾಡಿ ಮುಗಿಸದೆ, ಸೆರಗಿನಿಂದ ಮುಖ ಒರೆಸಿಕೊಂಡು ಹೋದೆ. ಅವರು ನಿನಗೆ ಮಗ್ಗಿ ಕಲಿಸಿದವರು. ಮೂರನೇ ಇಯತ್ತೆಗೇ ಶಾಲೆ ಬಿಡಿಸಲು ಹೊರಟಿದ್ದ ನಿನ್ನ ಅಪ್ಪನ ಹತ್ತಿರ ಜಗಳವಾಡಿ ನಿನ್ನನ್ನು ಏಳನೆಯವರೆಗೆ ಓದಿಸಿದವರು. ಪಿಗ್ಮಿ ಮಿಶನಿನ ಅಂಕಿ ಓದಲು ನಿನಗೆ ಬಂದದ್ದು ಅವರಿಂದ. ಅಂಥವರನ್ನು ನಿನ್ನ ಮನಸ್ಸಿನಿಂದ ಕಿತ್ತು ಎಸೆಯಲು ನನಗೆ ಮೂರು ವಾಕ್ಯ ಸಾಕಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಹೇಡಿ ಎನ್ನಬಹುದಿತ್ತು. ಬಿಡಲಿಲ್ಲ. ಚುನಾವಣೆಯ ಸಭೆಗೆ ನಿನ್ನನ್ನು ವೇದಿಕೆ ಹತ್ತಿಸಿದೆ. ಯಾವ ಪಕ್ಷದ ಸಹವಾಸವೂ ಬೇಡ ಎನ್ನುತ್ತಿದ್ದವಳು ನೀನು. "ನಿಂಗೆ ಅಂಟಿದ ಕೊಳೆ ತೊಳಿಬೇಕಲ್ಲ ಅಕ್ಕಾ, ಜನರ ಎದ್ರಿಗೆ ನಿಜ ಹೇಳು" ಎಂದು ಪುಸಲಾಯಿಸಿದೆ. ನಿಜ! ಮಾತು ನಾನೇ ಬರೆದುಕೊಟ್ಟೆ. "ಅಕ್ಷರ ಕಲಿಸಿದ ಗುರುವೇ ನಮ್ಮ ಅನ್ನ ಕಸಿದರು" ಎಂಬ ಸಾಲು ಬಂದಾಗ ನೀನು ಓದಲು ಆಗದೆ ಚೀಟಿ ನೋಡುತ್ತ ನಿಂತೆ. ಜನಕ್ಕೆ ಅಳು ಬಂತು. ನಾನು ವೇದಿಕೆಯ ಹಿಂದೆ ನಿಂತು, ಕೆಲಸ ಮಾಡಿತು ಎಂದುಕೊಂಡೆ.

ಸಾಹೇಬರು ಗೆದ್ದರು. ಮಾಸ್ತರರು ಸೋತರು. ಅವರು ಒಂದು ಪತ್ರಿಕಾ ಹೇಳಿಕೆಯನ್ನೂ ಕೊಡಲಿಲ್ಲ. ನನಗೆ ಕೆಲವು ವರ್ಷ ಒಳ್ಳೆಯ ಕುರ್ಚಿ ಸಿಕ್ಕಿತು, ಆಮೇಲೆ ಹೋಯಿತು. ನಿಮ್ಮ ಹಣ ಬರಲಿಲ್ಲ.

ನೀನು ಮಾತ್ರ ಮನೆಮನೆಗೆ ಹೋಗಿ ಕೈಮುಗಿದು, ಬೈಸಿಕೊಂಡು, ಜನರ ನಂಬಿಕೆಯನ್ನು ಒಂದೊಂದೇ ಹಿಡಿಯಾಗಿ ವಾಪಸು ತಂದೆ. ಇವತ್ತು ನೀನು ಕೂತರೆ ಕೂರುವ, ಎದ್ದರೆ ಏಳುವ ಜನ ಇದ್ದಾರೆ. ಆ ಕಡೆ ಮಾಸ್ತರರನ್ನು ನಂಬಿದ ಠೇವಣಿದಾರರು ಬೇರೆ ಬಣ ಕಟ್ಟಿಕೊಂಡಿದ್ದಾರೆ. ಈಗ ಸರಕಾರ ಮತ್ತೆ ನೆರವಿನ ಮಾತು ಎತ್ತಿದೆ. ಈ ಸಲ ಅಧಿಕಾರಿಗಳು ಸ್ಪಷ್ಟವಾಗಿ ಹೇಳಿದ್ದಾರೆ: ಎಲ್ಲರೂ ಸೇರಿ ಒಂದೇ ಮನವಿ ಕೊಡಿ, ಎರಡು ಬಣದ ಎರಡು ಕಾಗದ ಬಂದರೆ ನಾವು ಮುಟ್ಟುವುದಿಲ್ಲ. ಚುನಾವಣೆ ಮತ್ತೆ ಹತ್ತಿರ ಬಂದಿದೆ. ಈ ಅಧಿವೇಶನ ತಪ್ಪಿದರೆ ಮುಂದೆ ಯಾವಾಗಲೋ. ಎರಡು ಬಣಗಳ ನಡುವೆ ಇರುವ ಗೋಡೆ ಯಾವುದು ಎಂದು ಯಾರಾದರೂ ಕೇಳಿದರೆ — ನಾನು ನಿನ್ನೆದುರು ಮೆಟ್ಟಿಲ ಮೇಲೆ ಹೇಳಿದ ಆ ಮೂರು ವಾಕ್ಯ.

ನಿನ್ನೆ ಬೆಳಿಗ್ಗೆ ಧಾರೇಶ್ವರಕ್ಕೆ ಹೋಗಿ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆಯಲಿಲ್ಲ.

"ನಂಗೆ ಗೊತ್ತಿತ್ತು" ಅಂದರು. "ವಿನಾಯಕ ಆ ವಾರವೇ ಹೇಳಿದ್ದ."

ಹಾಗಾದರೆ ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎಲೆಕ್ಷನ್ ಟೈಮಲ್ಲಿ ನಾ ಹೇಳಿದ್ರೆ ಅವಳು ನಂಬ್ತಿದ್ಲೇನಾ? ಸೋತ ಮೇಲೆ ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ಲು. ಅದು ನಾ ಹೇಳೂ ಮಾತಲ್ಲ. ಹೇಳ್ಬೇಕಾದವ ಹೇಳ್ತ ಅಂತ ಕಾದೆ." ಪೇಪರ್ ಮಡಚಿಟ್ಟರು. "ನಿಂಗೂ ಮಗ್ಗಿ ಕಲ್ಸಿದ್ದು ನಾನೇ ಅಲ್ದಾ? ನೀ ಯಾವಾಗ್ಲೂ ನಿಧಾನ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕಾ.

ಇನ್ನೊಂದು ಉಳಿದಿದೆ. ಇದು ನಿನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಹೋದ ಮಳೆಗಾಲದ ಮೊದಲು ನಿನ್ನ ಮನೆಗೆ ಬಂದಿದ್ದೆನಲ್ಲ, ಹಿತ್ತಲಲ್ಲಿ ಕಟ್ಟಿಗೆಯ ರಾಶಿಗೆ ನೀನು ಆ ಫ್ಲೆಕ್ಸನ್ನೇ ಹೊದಿಸಿದ್ದೆ. ಮುಖದ ಭಾಗ ಕೆಳಗೆ, ಬಿಳಿ ಬೆನ್ನು ಮೇಲೆ. "ಹರಿಯೂದೇ ಇಲ್ಲ ನೋಡು, ಇದೊಂದು ಉಪಕಾರ ಆಯ್ತು" ಎಂದು ನಕ್ಕು, ಚಾ ಮಾಡಲು ಒಳಗೆ ಹೋದೆ. ಫ್ಲೆಕ್ಸಿನ ಒಂದು ಅಂಚು ಗಾಳಿಗೆ ಮಗುಚಿಕೊಂಡಿತ್ತು. ವಿನಾಯಕನಲ್ಲಿ ಒಂದು ಪದ್ಧತಿ — ಒಂದರದು ಇನ್ನೊಂದಕ್ಕೆ ಹೋಗಬಾರದೆಂದು ಪ್ರತಿ ಫ್ಲೆಕ್ಸಿನ ಅಂಚಿನಲ್ಲಿ ಆರ್ಡರ್ ಕೊಟ್ಟವರ ಹೆಸರನ್ನು ಸಣ್ಣಕ್ಷರದಲ್ಲಿ ಹೊಡೆಯುತ್ತಾನೆ. ಹಗ್ಗ ಕಟ್ಟುವಾಗ ಅದು ಹಿಂದಕ್ಕೆ ಮಡಚಿ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಅಲ್ಲಿ "ಉಮೇಶ, ಶಾಸಕರ ಆಫೀಸು" ಎಂದು ನನ್ನ ಹೆಸರಿತ್ತು. ಬಿಸಿಲು ಮಳೆಗೂ ಮಾಸಿರಲಿಲ್ಲ. ಇಷ್ಟು ವರ್ಷ ಅದು ನಿನ್ನ ಹಿತ್ತಲಲ್ಲೇ ಇತ್ತು. ನೀನು ಒಳಗಿಂದ ಬರುವಷ್ಟರಲ್ಲಿ ಆ ಅಂಚನ್ನು ಕಟ್ಟಿಗೆಯ ಅಡಿಗೆ ತುರುಕಿ, ಮೇಲೆ ಒಂದು ಕೊರಡು ಹೇರಿದೆ. ನೀನು ಕೊಟ್ಟ ಚಾ ಕುಡಿದೆ. ಸಕ್ಕರೆ ಸರಿಯಾಗಿದೆ ಅಂದೆ.

ಕ್ಷಮಿಸು ಎಂದು ಬರೆಯಲು ಎರಡು ಸಲ ಹೊರಟು ಅಳಿಸಿದ್ದೇನೆ. ಜನರ ಪರವಾಗಿ ಚೆಂದದ ಮಾತು ಬರೆದೇ ನಾನು ಇಷ್ಟೆಲ್ಲ ಹಾಳುಮಾಡಿದ್ದು, ಈಗ ನನ್ನ ಪರವಾಗಿಯೂ ಬರೆಯುವುದು ಬೇಡ. ನೀನು ಇನ್ನು ಮೇಲೆ ನನ್ನನ್ನು ತಮ್ಮಾ ಎಂದು ಕರೆಯದಿದ್ದರೆ ಅದು ನ್ಯಾಯವೇ. ಆದರೆ ನನ್ನ ಮೇಲಿನ ಸಿಟ್ಟಿಗೆ ಮನವಿ ನಿಲ್ಲಿಸಬೇಡ. ಮನವಿ ಟೈಪ್ ಆಗಿದೆ, ಪ್ರಿಂಟೂ ಆಗಿದೆ. ನಿನ್ನ ಸಹಿಯ ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟಿದ್ದೇನೆ. ಹೆಸರು ಹಾಕಿಲ್ಲ. ಹಾಕುವುದು ಬಿಡುವುದು ನಿನ್ನದು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು ನಾನು ಹಿತ್ತಲಿಗೆ ಹೋಗುತ್ತೇನೆ. ಕೊರಡು ಎತ್ತಿ ಪಕ್ಕಕ್ಕಿಟ್ಟು, ಫ್ಲೆಕ್ಸು ಬಿಡಿಸಿ ಅಂಗಳದಲ್ಲಿ ಮುಖ ಮೇಲಾಗಿ ಹಾಸುತ್ತೇನೆ. ಓದಿ ಮುಗಿಸಿ ನೀನು ಹೊರಗೆ ಬಾ. ಅಂಚಿನ ಅಕ್ಷರ ಬಹಳ ಸಣ್ಣದು, ಕನ್ನಡಕ ತಾ.